ಉಳ್ಳಾಗಡ್ಡಿಯ ಮೊಗ್ಗಿನಿಂದ ಶುದ್ಧ ತಳಿ

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗ ತೊಗರಿಗೆ ಹೆಸರಾದದ್ದು. ಆದರೂ ಬಾವಿಯ ಆಸರೆ ಇದ್ದ ರೈತರು ನಾಲ್ಕು ಮಡಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಬದನೆ ಬೆಳೆದು ವಾಡಿ, ಶಹಾಬಾದ ಪೇಟೆಗೆ ಒಯ್ಯುವುದುಂಟು. ಹೈಬ್ರಿಡ್ ಬೆಳೆಯಿಂದ ತೆಗೆದಿಟ್ಟ ಬೀಜ ಬಿತ್ತಿದರೆ ಮರುವರ್ಷ ಬೆಳೆ ಒಂದೇ ಸಮ ಬಾರದಿರುವುದು ಇವರೆಲ್ಲರ ಅನುಭವ.

ಹೈಬ್ರಿಡ್ ಎಂದರೆ ಎರಡು ಶುದ್ಧ ತಳಿಗಳ ಮೊದಲ ಪೀಳಿಗೆ. ಅದರ ಬೀಜದಲ್ಲಿ ತಂದೆ-ತಾಯಿಯ ಗುಣಗಳು ಒಡೆದು ಗಿಡಕ್ಕೊಂದು ಬಗೆಯಾಗಿ ಹಂಚಿಹೋಗುತ್ತವೆ. ಆ ಶುದ್ಧ ತಳಿಗಳನ್ನು ಪಡೆಯುವುದಾದರೂ ಸುಲಭವೇ? ಹೂವಿಗೆ ಅದೇ ಗಿಡದ ಪರಾಗ ಕೊಟ್ಟು, ಬೀಜ ಬಿತ್ತಿ, ಮತ್ತೆ ಹಾಗೆಯೇ ಮಾಡುತ್ತ ಹೋಗಬೇಕು. ಪ್ರತಿ ಪೀಳಿಗೆಗೆ ಬೆರಕೆ ಅರ್ಧಕ್ಕಿಳಿಯುತ್ತದೆ. 6 ಪೀಳಿಗೆ ಕಳೆದರೂ 64ರಲ್ಲಿ 1 ಪಾಲು ಉಳಿದಿರುತ್ತದೆ. ಉಳ್ಳಾಗಡ್ಡಿಗೆ ಒಂದು ಹಂಗಾಮಿನಲ್ಲಿ ಗಡ್ಡೆ, ಅದನ್ನು ಮತ್ತೆ ನೆಟ್ಟ ಮೇಲೆ ಬೀಜ. ಸಾಲದ್ದಕ್ಕೆ ಸ್ವಂತ ಪರಾಗದಿಂದ ಅದು ಪೀಳಿಗೆಯಿಂದ ಪೀಳಿಗೆಗೆ ಸೊರಗುತ್ತದೆ.

ಈ ದೀರ್ಘ ದಾರಿಯನ್ನು ಮೊಟಕು ಮಾಡುವುದೇ ಹ್ಯಾಪ್ಲಾಯ್ಡ್ ಗಿಡ. ಉಳ್ಳಾಗಡ್ಡಿಯ ಜೀವಕೋಶದಲ್ಲಿ 16 ವರ್ಣತಂತುಗಳಿವೆ, 8 ತಾಯಿಯವು, 8 ತಂದೆಯವು. ಪರಾಗದಲ್ಲಿ ಮತ್ತು ಅಂಡದಲ್ಲಿ ಮಾತ್ರ 8. ಇವೆರಡೂ ಕೂಡದೆ, ಒಂದೇ ಗಿಡವಾಗಿ ಬೆಳೆದರೆ ಅದು ಹ್ಯಾಪ್ಲಾಯ್ಡ್. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಿಪ್ರಾ ಗುಹಾ ಮತ್ತು ಎಸ್. ಸಿ. ಮಹೇಶ್ವರಿ ಅವರು ಉಮ್ಮತ್ತಿಯ ಒಂದು ಜಾತಿಯ ಪರಾಗಕೋಶದಿಂದ ಭ್ರೂಣಗಳನ್ನು ಪಡೆದರು. ನಾವು ಕಳೆಯೆಂದು ಕಿತ್ತೆಸೆಯುವ ಉಮ್ಮತ್ತಿಯೇ ಜಗತ್ತಿಗೆ ಈ ದಾರಿ ತೋರಿಸಿತು!

ಮೆಣಸಿನ ಗಿಡದಲ್ಲೂ ಪರಾಗಕೋಶದಿಂದ ಇದು ಸಾಧ್ಯ. ಉಳ್ಳಾಗಡ್ಡಿಯ ಪರಾಗ ಮಾತ್ರ ಈ ಉಪಾಯಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಅರಳದ ಇಡೀ ಮೊಗ್ಗನ್ನೇ ಕ್ರಿಮಿಶುದ್ಧ ಮಾಡಿ, ಸಕ್ಕರೆ, ಲವಣ, ಬೆಳವಣಿಗೆಯ ಪ್ರಚೋದಕ ಬೆರೆಸಿದ ಅಗರ್ ಮೇಲೆ ಇಡುತ್ತಾರೆ. ಕೆಲವು ತಿಂಗಳ ಮೇಲೆ ಅಲ್ಲೊಂದು ಇಲ್ಲೊಂದು ಮೊಗ್ಗಿನ ಅಂಡದಿಂದ ಎಳೆ ಸಸಿ ಇಣುಕುತ್ತದೆ. ಕೆಲವು ತಳಿಗಳಲ್ಲಿ ನೂರಾರು ಮೊಗ್ಗು ಇಟ್ಟರೂ ಒಂದೂ ಬಾರದು. ಬಂದ ಸಸಿಯೂ ಹಾಗೆಯೇ ಬಿಟ್ಟರೆ ಬೀಜ ಕಟ್ಟುವುದಿಲ್ಲ, ಏಕೆಂದರೆ ವರ್ಣತಂತುಗಳಿಗೆ ಜೋಡಿಯಿಲ್ಲ. ಕಾಲ್ಚಿಸಿನ್ ಎಂಬ ವಿಷವಸ್ತುವಿನಿಂದ ಉಪಚರಿಸಿದಾಗ 8 ಇಮ್ಮಡಿಸಿ 16 ಆಗುತ್ತವೆ. ಈ ಉಪಚಾರದಲ್ಲಿ ಸಾಯುವ ಸಸಿಗಳೂ ಉಂಟು. ಉಳಿದು ಇಮ್ಮಡಿಸಿದ ಗಿಡದಲ್ಲಿ ಜೋಡಿಯ ಎರಡೂ ತಂತು ಒಂದೇ ಆದ್ದರಿಂದ ಬೆರಕೆಗೆ ಎಡೆಯೇ ಇಲ್ಲ. ಒಂದೇ ಪೀಳಿಗೆಯಲ್ಲಿ ಶುದ್ಧ ತಳಿ ಸಿದ್ಧ.

ಇದು ಹೊಲದಲ್ಲಿ ಮಾಡುವ ಕೆಲಸವಲ್ಲ. ರೈತರಿಗೆ ಮಾರುವ ಹ್ಯಾಪ್ಲಾಯ್ಡ್ ಬೀಜ ಎಂಬುದೂ ಇಲ್ಲ. ಆ ಹೆಸರಿನಲ್ಲಿ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿರಿ. ಇಮ್ಮಡಿಗೊಳಿಸಿದ ಶುದ್ಧ ತಳಿಯನ್ನೇ ನೇರವಾಗಿ ಬಿಡುಗಡೆ ಮಾಡಿದ್ದರೆ ಅದರ ಬೀಜ ಇಟ್ಟುಕೊಳ್ಳಬಹುದು. ಆದರೆ ಮೆಣಸಿನಲ್ಲಿ ಜೇನ್ನೊಣ ಪಕ್ಕದ ಹೊಲದ ಪರಾಗ ತರುತ್ತದೆ, ಬೀಜದ ಗಿಡಗಳನ್ನು ದೂರ ಇಡಬೇಕು. ಅಂಥ ಎರಡು ತಳಿಗಳನ್ನು ಕೂಡಿಸಿದ ಹೈಬ್ರಿಡ್ ಆಗಿದ್ದರೆ ಬೀಜ ಪ್ರತಿವರ್ಷ ಹೊಸದೇ ಬೇಕು. ಪೊಟ್ಟಣದ ಚೀಟಿಯಲ್ಲಿ ಇದು ತಳಿಯೋ ಹೈಬ್ರಿಡ್ಡೋ ಎಂದು ಮೊದಲು ಓದಿರಿ; ರಸೀದಿಯನ್ನೂ ಖಾಲಿ ಪೊಟ್ಟಣವನ್ನೂ ಫಸಲು ಕೈಗೆ ಬರುವವರೆಗೆ ಎತ್ತಿಡಿರಿ.