ಲಿವರಿಗೆ ಎರಡು ಪೈಪು

ಕ್ಯಾನ್ಸರಿಗೆ ರೇಡಿಯೇಶನ್ ಅಂದ್ರೆ ದೊಡ್ಡ ಮಷೀನಿನ ಕೆಳಗೆ ರೋಗಿಯನ್ನು ಮಲಗಿಸಿ ಹೊರಗಿನಿಂದ ಕಿರಣ ಬಿಡೋದು ಅಂತಲೇ ನಮ್ಮಲ್ಲಿ ಹೆಚ್ಚಿನವರು ಅಂದುಕೊಂಡಿರ್ತೇವೆ. ಲಿವರ್ ವಿಷಯದಲ್ಲಿ ಇದು ಕಷ್ಟ. ಗಡ್ಡೆ ಸಾಯುವಷ್ಟು ಕಿರಣವನ್ನು ಇಡೀ ಲಿವರಿಗೆ ಕೊಟ್ಟರೆ ಮೊದಲು ಲಿವರೇ ಕೈಕೊಡುತ್ತದೆ. ಹಾಗಾದರೆ ಕಿರಣ ಸೂಸುವ ವಸ್ತುವನ್ನೇ ಗಡ್ಡೆಯೊಳಗೆ ಕಳಿಸಿದರೆ? ಅದೇ ರೇಡಿಯೋಎಂಬೋಲೈಸೇಶನ್.

ಇದು ಸಾಧ್ಯವಾಗಿರೋದು ಲಿವರಿನ ಪ್ಲಂಬಿಂಗಿನಿಂದ. ಅದಕ್ಕೆ ಸುಮಾರು 75% ರಕ್ತ ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯಲ್ಲಿ ಬರುತ್ತದೆ, ಉಳಿದದ್ದು ಹೆಪಾಟಿಕ್ ಅಪಧಮನಿಯಲ್ಲಿ. ಗಡ್ಡೆ ಮಾತ್ರ ತನ್ನ ಪಾಲನ್ನು ಬಹುತೇಕ ಎರಡನೇ ಪೈಪಿನಿಂದಲೇ ಎಳೆದುಕೊಳ್ಳುತ್ತದೆ. ಡಾಕ್ಟರು ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ಕ್ಯಾಥೆಟರ್ ತೂರಿಸಿ, ಗಡ್ಡೆಗೆ ಹೋಗುವ ಕವಲಿನಲ್ಲಿ ಇಟ್ರಿಯಂ-90 ಇರುವ ಗಾಜಿನ ಮಣಿಗಳನ್ನು ಬಿಡುತ್ತಾರೆ. ಒಂದೊಂದು ಮಣಿ 20ರಿಂದ 30 ಮೈಕ್ರಾನ್. ಲೋಮನಾಳ ಅದಕ್ಕಿಂತ ತೆಳು, ಹಾಗಾಗಿ ದಾಟಲಾಗದೆ ಅಲ್ಲೇ ಕೂರುತ್ತವೆ. ಅವು ಸೂಸುವ ಬೀಟಾ ಕಣಗಳು ಸರಾಸರಿ ಎರಡೂವರೆ ಮಿಲಿಮೀಟರ್ ಹೋಗಿ ನಿಲ್ಲುತ್ತವೆ.

ನಮಗೆ ತುಂಬಾ ಹಿಡಿಸಿದ್ದು ಇದಕ್ಕೂ ಮೊದಲು ನಡೆಯುವ ರಿಹರ್ಸಲ್. ಗಡ್ಡೆಯ ರಕ್ತನಾಳಗಳು ಅಡ್ಡಾದಿಡ್ಡಿ. ಕೆಲವು ಕಡೆ ಅಪಧಮನಿ ನೇರವಾಗಿ ಅಭಿಧಮನಿಗೇ ಕೂಡಿಕೊಂಡಿರುತ್ತದೆ. ಆ ಅಡ್ಡದಾರಿ ಹಿಡಿದ ಮಣಿ ಶ್ವಾಸಕೋಶ ಸೇರುತ್ತದೆ. ಹೊಟ್ಟೆಯ ಕವಲಿಗೆ ಜಾರಿದರೆ ಹುಣ್ಣು. ಅದಕ್ಕೇ ಮೊದಲು ಟೆಕ್ನೀಶಿಯಂ-99ಎಂ ಅಂಟಿಸಿದ ಆಲ್ಬುಮಿನ್ ಕಣಗಳನ್ನು ಅದೇ ದಾರಿಯಲ್ಲಿ ಬಿಟ್ಟು, ಎಲ್ಲೆಲ್ಲಿ ಸೋರಿದವು ಅಂತ ಗಾಮಾ ಕ್ಯಾಮೆರಾದಲ್ಲಿ ನೋಡುತ್ತಾರೆ. ಒಂದೇ ಸಲಕ್ಕೆ ಶ್ವಾಸಕೋಶಕ್ಕೆ 30 ಗ್ರೇ ಮೀರುತ್ತದೆ ಅಂತ ಲೆಕ್ಕ ಬಂದರೆ ಪ್ಲಾನ್ ಬದಲಾಗಬೇಕು, ಇಲ್ಲವೇ ಕೈಬಿಡಬೇಕು.

ಇನ್ನು ಗಡಿಯಾರದ ಕಾಟ. ಇಟ್ರಿಯಂ-90ರ ಅರ್ಧಾಯುಷ್ಯ 64 ಗಂಟೆ. ಪಾರ್ಸೆಲ್ ಒಂದು ದಿನ ತಡವಾದರೆ ಉಳಿಯೋದು 77% (ಬೇಕಾದರೆ ಕ್ಯಾಲ್ಕುಲೇಟರಿನಲ್ಲಿ ನೋಡಿ). ವಿದೇಶದಿಂದ ತರಿಸುವಾಗ ಇದು ಸಣ್ಣ ತಲೆನೋವಲ್ಲ. ಮುಂಬೈನ ಬಿಎಆರ್‌ಸಿ ‘ಭಾಭಾಸ್ಫಿಯರ್’ ಹೆಸರಲ್ಲಿ ಇಂಥದೇ ಮಣಿ ಮಾಡಿರೋದು ಅದಕ್ಕೇ ಮುಖ್ಯ.

ಹಾಗಂತ ಇದು ಮಂತ್ರದಂಡವಲ್ಲ. ಮುಂದುವರಿದ ಲಿವರ್ ಕ್ಯಾನ್ಸರಿನಲ್ಲಿ ರೆಸಿನ್ ಮಣಿಗಳನ್ನು ಸೊರಾಫೆನಿಬ್ ಮಾತ್ರೆಗೆ ಹೋಲಿಸಿದ ಎರಡು ದೊಡ್ಡ ಪ್ರಯೋಗಗಳು (2017ರ ಸಾರಾ, 2018ರ ಸರ್ವ್‌ನಿಬ್) ಅಡ್ಡಪರಿಣಾಮ ಕಡಿಮೆ ಅಂದವು, ಆದರೆ ರೋಗಿಗಳು ಹೆಚ್ಚು ಕಾಲ ಬದುಕಲಿಲ್ಲ. ಆಮೇಲೆ ಫ್ರಾನ್ಸಿನವರು 60 ರೋಗಿಗಳ ಮೇಲೆ ಡೋಸಿಸ್ಫಿಯರ್ ಅನ್ನೋ ಪ್ರಯೋಗ ಮಾಡಿದರು. ಎರಡೂ ಗುಂಪಿಗೆ ಗಾಜಿನ ಮಣಿಯೇ. ಒಂದರಲ್ಲಿ ಲಿವರಿನ ಆ ಭಾಗಕ್ಕೆ ಮಾಮೂಲಿ ಡೋಸ್; ಇನ್ನೊಂದರಲ್ಲಿ ಪ್ರತಿ ರೋಗಿಯ ಗಡ್ಡೆಗೆ ಕನಿಷ್ಠ 205 ಗ್ರೇ ಸೇರುವಂತೆ ಬೇರೆಬೇರೆ ಲೆಕ್ಕ. 2021ರಲ್ಲಿ ಪ್ರಕಟವಾದ ಫಲಿತಾಂಶ: ಮೊದಲ ಗುಂಪಿನಲ್ಲಿ 36% ಗಡ್ಡೆಗಳು ಚಿಕಿತ್ಸೆಗೆ ಮಣಿದವು, ಎರಡನೆಯದರಲ್ಲಿ 71%.