ರವಿಕೆಯ ಅಳತೆಗೆ ಬ್ರಾ ಕೊಳ್ಳಬೇಡಿ

ರವಿಕೆ 36 ಎಂದಮೇಲೆ ಬ್ರಾ ಕೂಡ 36 ಇರಬೇಕು ಎಂಬುದು ನಮ್ಮಲ್ಲಿ ಅನೇಕರ ಲೆಕ್ಕ. ಕೌಂಟರಿನ ಆಚೆ ಗಂಡಸು ನಿಂತಿದ್ದರಂತೂ ಮುಗಿಯಿತು. ತಗ್ಗಿದ ದನಿಯಲ್ಲಿ ನಂಬರ್ ಹೇಳಿ, ಪೊಟ್ಟಣವನ್ನು ಚೀಲಕ್ಕೆ ತುರುಕಿ ಹೊರಬಿದ್ದರೆ ಸಾಕು. ಆಮೇಲೆ ವರ್ಷವಿಡೀ ಜಾರುವ ಸ್ಟ್ರ್ಯಾಪನ್ನು ಎಳೆದುಕೊಳ್ಳುವ ಕೆಲಸ. ಟೈಲರ್ ಬರೆದುಕೊಳ್ಳುವ 36 ಎದೆಯ ಉಬ್ಬಿನ ಸುತ್ತಳತೆ. ಬ್ರಾ ನಿಲ್ಲುವುದು ಅದರ ಕೆಳಗೆ, ಪಕ್ಕೆಲುಬನ್ನು ಸುತ್ತುವ ಪಟ್ಟಿಯ ಬಲದಿಂದ. ಭಾರದ ಹೆಚ್ಚಿನ ಪಾಲನ್ನು ಹೊರಬೇಕಾದದ್ದು ಆ ಪಟ್ಟಿಯೇ ಹೊರತು ಭುಜವಲ್ಲ.

ಹಾಗಾಗಿ ಎರಡು ಅಳತೆ ಬೇಕು. ಪ್ಯಾಡ್ ಇಲ್ಲದ ತೆಳು ಬ್ರಾ ತೊಟ್ಟು, ಹೊಲಿಗೆಯ ಟೇಪು ಹಿಡಿದು ಕನ್ನಡಿಯೆದುರು ನಿಲ್ಲಿ. ಮೊದಲು ಸ್ತನಗಳ ಬುಡಕ್ಕೆ ಟೇಪು ಸುತ್ತಿ, ಉಸಿರು ಬಿಟ್ಟು, ಬಿಗಿಯಾಗಿ ಅಳೆಯಿರಿ. ಬೆನ್ನ ಹಿಂದೆ ಟೇಪು ಓರೆಯಾಗದಂತೆ ಅಕ್ಕನೋ ಗೆಳತಿಯೋ ನೋಡಿಕೊಂಡರೆ ಇನ್ನೂ ಒಳ್ಳೆಯದು. ಆಮೇಲೆ ಉಬ್ಬು ಹೆಚ್ಚಿರುವ ಕಡೆ, ಈ ಸಲ ಒತ್ತದಂತೆ ಹಗುರವಾಗಿ. ಸೆಂಟಿಮೀಟರಿನಲ್ಲೇ ಬರೆದುಕೊಳ್ಳಿ.

ಏಕೆಂದರೆ ಇಂಚಿನ ಲೆಕ್ಕದಲ್ಲೇ ಗೊಂದಲವಿರುವುದು. ಕೆಲವು ಸೂತ್ರಗಳು ಕೆಳಗಿನ ಅಳತೆಗೆ 4 ಅಥವಾ 5 ಇಂಚು ಕೂಡಿಸುತ್ತವೆ, ಕೆಲವು ಕೂಡಿಸುವುದಿಲ್ಲ. ಒಬ್ಬಳೇ ಹೆಂಗಸಿಗೆ ಒಂದು 34 ಎಂದರೆ ಇನ್ನೊಂದು 30 ಎನ್ನುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಅನೇಕ ಬ್ರ್ಯಾಂಡ್‌ಗಳ ಅಳತೆ ಚಾರ್ಟಿನಲ್ಲಿ 34 ಎಂದರೆ ಕೆಳಗಿನ ಸುತ್ತಳತೆ ಸುಮಾರು 73ರಿಂದ 77 ಸೆಂ.ಮೀ., ಅಂದರೆ 29–30 ಇಂಚು. ಕೂಡಿಸಬೇಕಾದ ಇಂಚುಗಳು ಆ ನಂಬರಿನಲ್ಲೇ ಅಡಗಿವೆ. ಇನ್ನು ಕಪ್: ಎರಡು ಅಳತೆಗಳ ಅಂತರ 12–14 ಸೆಂ.ಮೀ. ಇದ್ದರೆ ಎ, 14–16 ಬಿ, 16–18 ಸಿ, 18–20 ಡಿ. ಕೆಳಗೆ 76, ಮೇಲೆ 91 ಬಂತೆನ್ನಿ. ಅಂತರ 15, ಅಳತೆ 34ಬಿ. ಆ 91 ಸೆಂ.ಮೀ.ಯೇ ಟೈಲರನ ಪುಸ್ತಕದಲ್ಲಿ 36 ಆಗಿ ಕೂತಿರುತ್ತದೆ!

ಡಿ ಎಂದೊಡನೆ ಮುಜುಗರಪಡುವವರಿದ್ದಾರೆ. ಅದರಲ್ಲಿ ಅರ್ಥವಿಲ್ಲ. ಪಟ್ಟಿ ಬದಲಾದಂತೆ ಅಕ್ಷರದ ಗಾತ್ರವೂ ಬದಲಾಗುತ್ತದೆ. 32ಡಿ, 34ಸಿ, 36ಬಿ ಮೂರರ ಕಪ್ಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಜಾಗ. ಕಪ್ ಸರಿಯಿದ್ದು ಪಟ್ಟಿ ಮಾತ್ರ ಸಡಿಲವಾದರೆ, 34ಬಿ ಬಿಟ್ಟು 32ಸಿ ಕೇಳಬೇಕೇ ವಿನಾ 32ಬಿ ಅಲ್ಲ.

ಟೇಪು ಹೇಳುವುದು ಅಂದಾಜನ್ನಷ್ಟೇ. ತೊಟ್ಟು ನೋಡುವಾಗ ಹೊಸ ಬ್ರಾವನ್ನು ಅತಿ ಸಡಿಲದ ಹುಕ್ಕಿಗೆ ಹಾಕಿ. ಎಲಾಸ್ಟಿಕ್ ಸೋತಂತೆ ಒಳಗಿನ ಹುಕ್ಕುಗಳು ಬೇಕಾಗುತ್ತವೆ. ಪಟ್ಟಿಯಡಿ ಎರಡು ಬೆರಳು ತೂರಬೇಕು, ಮುಷ್ಟಿಯಲ್ಲ. ಬೆನ್ನಲ್ಲಿ ಪಟ್ಟಿ ಮೇಲೇರಿದರೆ ಅದು ದೊಡ್ಡದಾಯಿತು. ಕಪ್ಪಿನ ಅಂಚಿನಿಂದ ಮೈ ಉಕ್ಕಿದರೆ ಕಪ್ ಚಿಕ್ಕದು, ಬಟ್ಟೆ ಸುಕ್ಕುಗಟ್ಟಿದರೆ ದೊಡ್ಡದು. ಎರಡು ಸ್ತನಗಳು ತುಸು ಹೆಚ್ಚುಕಡಿಮೆ ಇರುವುದು ಸಹಜ; ದೊಡ್ಡದಕ್ಕೆ ಹೊಂದುವುದನ್ನೇ ಆರಿಸಿ.

ಮುಟ್ಟಿನ ಮುಂಚಿನ ದಿನಗಳಲ್ಲಿ ಎದೆ ಬಿಗಿದಿರುತ್ತದೆ, ಆಗ ಅಳೆಯಬೇಡಿ. ಬಸಿರು, ಬಾಣಂತನ, ತೂಕದ ಏರಿಳಿತದ ನಂತರ ಹಳೆಯ ನಂಬರನ್ನು ನಂಬಬೇಡಿ. ಟ್ರಯಲ್ ರೂಮ್ ಇಲ್ಲದ ಅಂಗಡಿಯಾದರೆ, ಬದಲಿಸಿ ಕೊಡುತ್ತೀರಾ ಎಂದು ದುಡ್ಡು ಕೊಡುವ ಮೊದಲೇ, ದನಿ ತಗ್ಗಿಸದೆ, ಕೇಳಿ.