ಮಾರ್ಕ್ಸ್ ಯಾರದ್ದು, ಮಗುವಿನದ್ದಾ ಮನೆಯದ್ದಾ?

ಹತ್ತನೇ ಕ್ಲಾಸ್ ರಿಸಲ್ಟ್ ಬಂದಾಗ ಹೈದರಾಬಾದಿನ ದಿಲ್‌ಸುಖ್‌ನಗರ, ಕೂಕಟ್‌ಪಲ್ಲಿ ಕಡೆ ಹೋದರೆ ಫ್ಲೆಕ್ಸ್‌ಗಳದ್ದೇ ಸಾಲು. ಮಗುವಿನ ಫೋಟೊ ಇರುತ್ತೆ, ಶಾಲೆಯ ಹೆಸರು ಇರುತ್ತೆ. ಆ ಮಗು ಎಂಥ ಮನೆಯಿಂದ ಬಂತು ಅನ್ನೋದು ಮಾತ್ರ ಇರಲ್ಲ. ಇವತ್ತು ಅದರ ಬಗ್ಗೆ ಮಾತಾಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಒಂದೇ ಅಪಾರ್ಟ್‌ಮೆಂಟಿನಲ್ಲಿ ಇಬ್ಬರು ಹುಡುಗಿಯರು. ಒಬ್ಬಳ ಅಪ್ಪ ಸಾಫ್ಟ್‌ವೇರ್ ಇಂಜಿನಿಯರ್, ಇನ್ನೊಬ್ಬಳ ಅಪ್ಪ ಅಲ್ಲೇ ವಾಚ್‌ಮನ್. ಇಬ್ಬರಿಗೂ ಪರೀಕ್ಷೆ ಒಂದೇ. ಮೊದಲನೆಯವಳಿಗೆ ಲೆಕ್ಕ ತಿಳಿಯದಿದ್ದರೆ ಅಮ್ಮ ಹೇಳಿಕೊಡ್ತಾರೆ, ಇಲ್ಲಾಂದ್ರೆ ಟ್ಯೂಷನ್ ಇದೆ. ಎರಡನೆಯವಳು ತಮ್ಮನನ್ನ ನೋಡ್ಕೋಬೇಕು. ಇರೋದು ಒಂದೇ ರೂಮು, ಎಲ್ಲರೂ ಮಲಗಿದ ಮೇಲೆ ಲೈಟ್ ಹಾಕೋ ಹಾಗಿಲ್ಲ.

ಈ ಅಂತರ ಹತ್ತನೇ ಕ್ಲಾಸಿನಲ್ಲಿ ಶುರುವಾಗಿದ್ದಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ‘ಯಂಗ್ ಲೈವ್ಸ್’ ಅಧ್ಯಯನ 2002ರಲ್ಲಿ ಅವಿಭಜಿತ ಆಂಧ್ರಪ್ರದೇಶದ ಸುಮಾರು 3,000 ಮಕ್ಕಳನ್ನು ಆರಿಸಿಕೊಂಡು, ಅವರು ದೊಡ್ಡವರಾಗುವವರೆಗೂ ಗಮನಿಸುತ್ತಾ ಬಂತು. ಹೈದರಾಬಾದಿನ ಮಕ್ಕಳೂ ಅದರಲ್ಲಿದ್ದರು. ಅನುಕೂಲಸ್ಥರ ಮಕ್ಕಳಿಗೂ ಬಡವರ ಮಕ್ಕಳಿಗೂ ಗೊತ್ತಿರುವ ಪದಗಳ ಸಂಖ್ಯೆಯಲ್ಲಿ 5ನೇ ವಯಸ್ಸಿಗೇ ವ್ಯತ್ಯಾಸ ಕಂಡುಬಂತು. ಅಂದ್ರೆ ಒಂದನೇ ಕ್ಲಾಸಿಗೆ ಸೇರೋ ಮೊದಲೇ!

‘ಹಾಗಾದ್ರೆ ಪ್ರೈವೇಟ್ ಶಾಲೆಗೆ ಹಾಕಿದ್ರೆ ಸರಿ ಹೋಗುತ್ತೆ ಅಲ್ವಾ?’ ಅಂತ ಕೇಳ್ತೀರಿ. ಆಂಧ್ರದ ಹಳ್ಳಿಗಳಲ್ಲಿ 2008ರಿಂದ ಇದನ್ನೇ ಪರೀಕ್ಷಿಸಿ ನೋಡಿದರು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಲಾಟರಿ ಎತ್ತಿ, ಗೆದ್ದವರಿಗೆ ಖಾಸಗಿ ಶಾಲೆಯ ಫೀಸ್ ಕೊಟ್ಟರು. ನಾಲ್ಕು ವರ್ಷದ ನಂತರ ಹಿಂದಿಯಲ್ಲಿ ಅವರು ಮುಂದಿದ್ದರು. ತೆಲುಗು, ಗಣಿತದಲ್ಲಿ ಮಾತ್ರ ಲಾಟರಿ ಸೋತವರಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ. ಖಾಸಗಿ ಶಾಲೆಗಳ ಒಳ್ಳೇ ಮಾರ್ಕ್ಸ್‌ನಲ್ಲಿ ಅಲ್ಲಿಗೆ ಬರೋ ಮಕ್ಕಳ ಮನೆಯ ಪಾಲು ದೊಡ್ಡದು ಅಂತ ಇದರಿಂದ ಅರ್ಥವಾಗುತ್ತೆ.

ಬಡವರ ಮಕ್ಕಳು ಓದೋದೇ ಇಲ್ಲ ಅಂತಲ್ಲ, ಇದು ಸರಾಸರಿಯ ಮಾತು. ಮೇಲೆ ಬಂದವರು ಎಷ್ಟೋ ಜನ ಇದ್ದಾರೆ. ಆದರೆ ಅವರನ್ನೇ ತೋರಿಸಿ ಉಳಿದವರಿಗೆ ‘ನೀನು ಸೋಮಾರಿ’ ಅನ್ನೋದು ತಪ್ಪು.

ಮುಂದಿನ ಸಲ ಕಡಿಮೆ ಮಾರ್ಕ್ಸ್ ತಂದ ಮಗುವನ್ನು ‘ಯಾಕೆ ಓದಲಿಲ್ಲ?’ ಅಂತ ಕೇಳೋ ಮೊದಲು ‘ಎಲ್ಲಿ ಕೂತು ಓದ್ತೀಯಪ್ಪಾ?’ ಅಂತ ಕೇಳಿ. ನಿಮ್ಮ ಅಪಾರ್ಟ್‌ಮೆಂಟಿನ ಮೀಟಿಂಗ್ ಹಾಲ್ ಸಂಜೆ ಖಾಲಿ ಇದ್ದರೆ, ವಾಚ್‌ಮನ್ ಮಗಳಿಗೆ ಎರಡು ಗಂಟೆ ಅದರ ಬಾಗಿಲು ತೆರೆದಿಡಿ. ಮತ್ತೆ ಸಿಗೋಣ.